ಪದವಿ ಮಟ್ಟದ ಕಂಪ್ಯೂಟರ್ ಸೈನ್ಸ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್: ಎಲ್ಲಿಂದ ಶುರು ಮಾಡೋದು, ಏನು ಬಿಡೋದು?

ಪಾಠದ_ಹಲಗೆ
ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದವರಿಗೆ ಕ್ವಾಂಟಮ್ ಕಂಪ್ಯೂಟಿಂಗ್ ಐಚ್ಛಿಕ ವಿಷಯ. ಅದರ ಪಠ್ಯಕ್ರಮದ ಕರಡು ಕೈಯಲ್ಲಿದೆ. 14 ವಾರ, ವಾರಕ್ಕೆ 3 ಗಂಟೆ ಪಾಠ, 2 ಗಂಟೆ ಲ್ಯಾಬ್. ಬರೋ ಹುಡುಗರಿಗೆ ಪೈಥಾನ್ ಬರುತ್ತೆ, ಡೇಟಾ ಸ್ಟ್ರಕ್ಚರ್ ಗೊತ್ತು, ಸಂಭವನೀಯತೆ ಓದಿದ್ದಾರೆ. ಮ್ಯಾಟ್ರಿಕ್ಸ್ ಮೊದಲ ವರ್ಷದಲ್ಲಿ ಮಾಡಿದ್ದು, ಅರ್ಧ ಮರೆತಿರುತ್ತೆ. ಕ್ವಾಂಟಮ್ ಮೆಕ್ಯಾನಿಕ್ಸ್‌ನ ಗಂಧವೇ ಇಲ್ಲ.

ಕರಡು ಹೀಗಿದೆ: ಮೊದಲ 3 ವಾರ ಫಿಸಿಕ್ಸ್ (ಎರಡು ಸೀಳಿನ ಪ್ರಯೋಗ, ಶ್ರೋಡಿಂಗರ್ ಸಮೀಕರಣ), 4 ಮತ್ತು 5ನೇ ವಾರ ಗೇಟ್‌ಗಳು, 6ರಿಂದ 11ರವರೆಗೆ ಅಲ್ಗಾರಿದಮ್‌ಗಳು, ಕೊನೆಗೆ ಹಾರ್ಡ್‌ವೇರ್. ಲ್ಯಾಬ್ ಪೂರ್ತಿ ಕಿಸ್ಕಿಟ್ (ಐಬಿಎಂನ ಪೈಥಾನ್ ಕ್ವಾಂಟಮ್ ಲೈಬ್ರರಿ).

ಕೇಳಬೇಕಿರೋದು: ಫಿಸಿಕ್ಸ್ ಮೊದಲು ಬೇಕೇ? ಲ್ಯಾಬ್‌ಗೆ ಯಾವ ಉಪಕರಣ? ದೊಡ್ಡ ಸಂಖ್ಯೆಯ ಅಪವರ್ತನ ಹುಡುಕೋ ಶೋರ್ ಅಲ್ಗಾರಿದಮ್ ಈ ಮಟ್ಟದಲ್ಲಿ ಮುಟ್ಟಬಹುದೇ, ಅಥವಾ ಹೆಸರು ಹೇಳಿ ಬಿಟ್ಟುಬಿಡೋದೇ?

ಸಾಲುಕಂಬ
ಶ್ರೋಡಿಂಗರ್ ಸಮೀಕರಣ ತೆಗೆದುಹಾಕಿ ಸರ್. ಸರ್ಕ್ಯೂಟ್ ಮಾದರಿಯಲ್ಲಿ ಅದನ್ನು ಒಂದು ಸಲವೂ ಬಿಡಿಸೋದಿಲ್ಲ. ಮೂರು ವಾರ ಕೊಟ್ಟು ಕಲಿಸಿದ್ದು ಆಮೇಲೆ ಎಲ್ಲೂ ಬಳಕೆಗೆ ಬರಲ್ಲ ಅಂದ್ರೆ ಹುಡುಗರು ನಾಲ್ಕನೇ ವಾರಕ್ಕೇ ಕೈಚೆಲ್ಲುತ್ತಾರೆ.

ಬೇಕಾಗೋದು ಇಷ್ಟು: ಸಂಮಿಶ್ರ ಸಂಖ್ಯೆ, ವೆಕ್ಟರ್, ಮ್ಯಾಟ್ರಿಕ್ಸ್ ಗುಣಾಕಾರ, ಒಳಗುಣಲಬ್ಧ, ಯೂನಿಟರಿ ಮ್ಯಾಟ್ರಿಕ್ಸ್, ಟೆನ್ಸರ್ ಗುಣಲಬ್ಧ. ಎರಡು ವಾರ ಸಾಕು. ಆದರೆ ಇದನ್ನೂ ಬರೀ ಗಣಿತ ಅಂತ ಬಡಿಸಬೇಡಿ. ಹುಡುಗರಿಗೆ ಗೊತ್ತಿರೋ ಸಂಭವನೀಯತೆಯನ್ನೇ ಮೆಟ್ಟಿಲು ಮಾಡಿಕೊಳ್ಳಿ.

ನಾಣ್ಯದ ಸ್ಥಿತಿ ಎರಡು ಸಂಖ್ಯೆಗಳ ಒಂದು ವೆಕ್ಟರ್: (1, 0) ಅಂದ್ರೆ ಖಚಿತವಾಗಿ ತಲೆ. ಚಿಮ್ಮೋದು ಅಂದ್ರೆ ನಾಲ್ಕೂ ಮನೆಯಲ್ಲಿ 1/2 ಇರೋ ಮ್ಯಾಟ್ರಿಕ್ಸ್‌ನಿಂದ ಗುಣಿಸೋದು. ಒಂದು ಸಲ ಚಿಮ್ಮಿದರೆ (1/2, 1/2). ಇನ್ನೊಂದು ಸಲ ಚಿಮ್ಮಿದರೂ (1/2, 1/2). ಕಳೆದುಹೋದ ಮಾಹಿತಿ ವಾಪಸ್ ಬರಲ್ಲ.

ಈಗ ಅದೇ ಹಲಗೆಯ ಪಕ್ಕದಲ್ಲೇ ಹ್ಯಾಡಮಾರ್ಡ್ ಗೇಟ್‌ನ ಮ್ಯಾಟ್ರಿಕ್ಸ್: ನಾಲ್ಕೂ ಮನೆಯಲ್ಲಿ 1/√2, ಕೊನೇ ಮನೆಗೆ ಮಾತ್ರ ಋಣ ಚಿಹ್ನೆ. ಒಂದು ಸಲ ಹಾಕಿ ಅಳೆದರೆ ನಾಣ್ಯದ ಹಾಗೇ ಅರ್ಧ ಅರ್ಧ. ಅಳೆಯದೆ ಎರಡು ಸಲ ಹಾಕಿದರೆ ಮೊದಲ ಮನೆಯಲ್ಲಿ 1/2 + 1/2 = 1, ಎರಡನೇ ಮನೆಯಲ್ಲಿ 1/2 − 1/2 = 0. ಹೊರಟಲ್ಲಿಗೇ ವಾಪಸ್ ಬಂತು. ಆ ಋಣ ಚಿಹ್ನೆ ಒಂದು ದಾರಿಯನ್ನು ಅಳಿಸಿಹಾಕಿತಲ್ಲ, ಅದೇ ವ್ಯತಿಕರಣ. ಮುಂದಿನ ಎಲ್ಲಾ ಅಲ್ಗಾರಿದಮ್‌ಗಳೂ ಇದರ ಮೇಲೇ ನಿಂತಿವೆ. ಮೊದಲ ದಿನದ ಮೊದಲ ಗಂಟೆಯಲ್ಲೇ ಇದು ಹಲಗೆಯ ಮೇಲಿರಬೇಕು.

ಭೌತಿ
ಪೂರ್ತಿ ಒಪ್ಪಲ್ಲ. ಫಿಸಿಕ್ಸ್ ತೆಗೆದರೆ ಅಳತೆ ಅನ್ನೋದು ಆಕಾಶದಿಂದ ಉದುರಿದ ನಿಯಮ ಆಗಿಬಿಡುತ್ತೆ. "ವರ್ಗ ಮಾಡಿದರೆ ಸಂಭವನೀಯತೆ, ಅಳೆದ ಮೇಲೆ ಸ್ಥಿತಿ ಬದಲಾಗುತ್ತೆ" ಅಂತ ಬಾಯಿಪಾಠ ಮಾಡಿಸೋದು ಪಾಠವಲ್ಲ.

ಮೂರು ವಾರ ಬೇಡ, 20 ನಿಮಿಷ ಕೊಡಿ. ಮೂರು ಪೋಲರೈಸರ್ ಹಾಳೆ, ಒಂದು ಟಾರ್ಚ್ ಸಾಕು. ಎರಡನ್ನು ಅಡ್ಡಡ್ಡ (90 ಡಿಗ್ರಿ) ಹಿಡಿದರೆ ಬೆಳಕು ನಿಲ್ಲುತ್ತೆ. ಮಧ್ಯೆ ಮೂರನೆಯದನ್ನು 45 ಡಿಗ್ರಿಗೆ ತೂರಿಸಿದರೆ ಬೆಳಕು ಮತ್ತೆ ಬರುತ್ತೆ. ಆದರ್ಶ ಹಾಳೆಗಳಾದರೆ ಮೊದಲ ಹಾಳೆ ದಾಟಿದ ಬೆಳಕಿನ ನಾಲ್ಕನೇ ಒಂದು ಭಾಗ. ತಡೆಯೊಂದನ್ನು ಸೇರಿಸಿದ್ದಕ್ಕೆ ಬೆಳಕು ಹೆಚ್ಚಾಯಿತು! ಬೇಸಿಸ್ (ಅಳೆಯೋ ದಿಕ್ಕು) ಬದಲಾಯಿಸಿ ಅಳೆಯೋದು ಅಂದ್ರೆ ಏನು ಅಂತ ಕಣ್ಣಿಗೇ ಕಾಣುತ್ತೆ.

ಶೂನ್ಯಏಕ
ಪ್ರಯೋಗ ಚೆನ್ನಾಗಿದೆ, ಆದರೆ "ಇದು ಕ್ವಾಂಟಮ್ ಅನ್ನೋದಕ್ಕೆ ಸಾಕ್ಷಿ" ಅಂತ ಮಾತ್ರ ಹೇಳಬೇಡಿ. ಬೆಳಕನ್ನು ಬರೀ ಅಲೆ ಅಂದುಕೊಂಡರೂ ಮಾಲಸ್ ನಿಯಮದಿಂದ ಅದೇ ಉತ್ತರ ಬರುತ್ತೆ. ಒಂದೊಂದೇ ಫೋಟಾನ್ ಕಳಿಸಿದಾಗಲೂ ಅದೇ ಅನುಪಾತ, ಈ ಸಲ ಸಂಭವನೀಯತೆಯಾಗಿ ಬರುತ್ತೆ ಅನ್ನೋದೇ ಕ್ವಾಂಟಮ್ ಭಾಗ. ಈ ವಾಕ್ಯ ಸೇರಿಸದಿದ್ದರೆ ಫಿಸಿಕ್ಸ್ ಬಲ್ಲ ಒಬ್ಬ ವಿದ್ಯಾರ್ಥಿ ಕೈ ಎತ್ತುತ್ತಾನೆ, ಎತ್ತಬೇಕಾದ್ದೇ.

ಭೌತಿ
ಸರಿ, ಆ ತಿದ್ದುಪಡಿ ಒಪ್ಪಿದೆ.

ಲ್ಯಾಬ್_ಬೆಂಚು
ಉಪಕರಣದ ಪ್ರಶ್ನೆಗೆ ಉತ್ತರ. ಮೊದಲ ನಾಲ್ಕು ಲ್ಯಾಬ್‌ಗೆ ಕಿಸ್ಕಿಟ್ ಬೇಡ. ನಂಪೈ (ಪೈಥಾನ್‌ನ ಮ್ಯಾಟ್ರಿಕ್ಸ್ ಲೈಬ್ರರಿ) ಒಂದೇ ಇಟ್ಟುಕೊಂಡು ಪ್ರತಿಯೊಬ್ಬರೂ ಸ್ವಂತ ಸಿಮ್ಯುಲೇಟರ್ ಬರೀಲಿ. ನೂರು ಸಾಲು ದಾಟಲ್ಲ: ಸ್ಥಿತಿ ವೆಕ್ಟರ್, ಒಂದು ಕ್ಯೂಬಿಟ್ (ಕ್ವಾಂಟಮ್ ಬಿಟ್) ಗೇಟ್, ಸಿನಾಟ್ (ನಿಯಂತ್ರಕ ಕ್ಯೂಬಿಟ್ 1 ಇದ್ದರೆ ಗುರಿ ಕ್ಯೂಬಿಟ್ ತಿರುಗಿಸೋ ಗೇಟ್), ಅಳತೆ.

ಮೊದಲ ಆವೃತ್ತಿಯಲ್ಲಿ ಎಲ್ಲರೂ ಕ್ರಾನೆಕರ್ ಗುಣಲಬ್ಧ (ಟೆನ್ಸರ್ ಗುಣಲಬ್ಧದ ಮ್ಯಾಟ್ರಿಕ್ಸ್ ರೂಪ) ಹಾಕಿ ಇಡೀ ಮ್ಯಾಟ್ರಿಕ್ಸ್ ಕಟ್ಟುತ್ತಾರೆ. ಕಟ್ಟಲಿ, ಬಿಡಿ. ಒಂದು ಸಂಮಿಶ್ರ ಸಂಖ್ಯೆಗೆ 16 ಬೈಟ್. 10 ಕ್ಯೂಬಿಟ್ ಅಂದ್ರೆ 1024 × 1024, ಅಂದ್ರೆ 16 ಎಂಬಿ, ಆರಾಮ. 13ಕ್ಕೆ 1 ಜಿಬಿ. 15ಕ್ಕೆ 16 ಜಿಬಿ, ಲ್ಯಾಪ್‌ಟಾಪ್ ಅಲ್ಲೇ ಮಲಗುತ್ತೆ. ಆಗ ಹೇಳಿ: ಸ್ಥಿತಿ ವೆಕ್ಟರ್ ಮಾತ್ರ ಇಟ್ಟುಕೊಂಡರೆ 20 ಕ್ಯೂಬಿಟ್‌ಗೆ 16 ಎಂಬಿ, 25ಕ್ಕೆ 512 ಎಂಬಿ, 28ಕ್ಕೆ 4 ಜಿಬಿ. ಎರಡನೇ ಆವೃತ್ತಿಯಲ್ಲಿ ವೆಕ್ಟರನ್ನು 2 × 2 × 2… ಆಕಾರಕ್ಕೆ ಮಡಚಿ, ಬೇಕಾದ ಅಕ್ಷದ ಮೇಲೆ ಮಾತ್ರ ಗೇಟ್ ಹಾಕೋದು. "ಒಂದು ಕ್ಯೂಬಿಟ್ ಸೇರಿಸಿದರೆ ನೆನಪಿನ ಜಾಗ ದುಪ್ಪಟ್ಟು" ಅನ್ನೋದು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೀಗೆ ತಾನೇ ಕಂಡಿದ್ದು ಮನಸ್ಸಲ್ಲಿ ಉಳಿಯುತ್ತೆ.

ಇಲ್ಲಿ ಎಲ್ಲರೂ ಬೀಳೋ ಗುಂಡಿ: ನಂಪೈನ ಟೆನ್ಸರ್‌ಡಾಟ್ ಫಂಕ್ಷನ್‌ನಿಂದ ಗೇಟ್ ಹಾಕಿದ ಮೇಲೆ ಹೊಸ ಅಕ್ಷ ಮೊದಲನೇ ಜಾಗಕ್ಕೆ ಬಂದು ಕೂರುತ್ತೆ. ಅದನ್ನು ಹಳೇ ಜಾಗಕ್ಕೆ ವಾಪಸ್ ಸರಿಸದಿದ್ದರೆ ಕ್ಯೂಬಿಟ್‌ಗಳು ಅದಲುಬದಲು. ಕೆಟ್ಟ ವಿಷಯ ಅಂದ್ರೆ ಎಲ್ಲಾ ಕ್ಯೂಬಿಟ್‌ಗೂ ಹ್ಯಾಡಮಾರ್ಡ್ ಹಾಕೋ ಪರೀಕ್ಷೆಯಲ್ಲಿ ಈ ತಪ್ಪು ಕಾಣೋದೇ ಇಲ್ಲ, ಯಾಕಂದ್ರೆ ಫಲಿತಾಂಶ ಸಮ್ಮಿತೀಯ. ಅದಕ್ಕೆ ಪರೀಕ್ಷೆ ಯಾವಾಗಲೂ ಅಸಮ್ಮಿತವಾಗಿರಲಿ: 3 ಕ್ಯೂಬಿಟ್‌ಗಳಲ್ಲಿ ಮಧ್ಯದ್ದಕ್ಕೆ ಮಾತ್ರ ನಾಟ್ ಗೇಟ್ ಹಾಕಿ 010 ಬರುತ್ತಾ ನೋಡಿ, ಆಮೇಲೆ ಮೊದಲನೆಯದಕ್ಕೆ ಮಾತ್ರ.

ನೀಲಿಶಾಯಿ
ಇದನ್ನೆಲ್ಲ ಯಾಕೆ ಬರೆಸಬೇಕು? ಕ್ವಿರ್ಕ್ ಅಂತ ಬ್ರೌಸರ್‌ನಲ್ಲೇ ಓಡೋ ಸಿಮ್ಯುಲೇಟರ್ ಇದೆ, ಗೇಟ್ ಎಳೆದು ತಂತಿ ಮೇಲೆ ಬಿಟ್ಟರೆ ಸಾಕು.

ಲ್ಯಾಬ್_ಬೆಂಚು
ಪಾಠ ಮಾಡುವಾಗ ಪರದೆ ಮೇಲೆ ತೋರಿಸೋಕೆ ಕ್ವಿರ್ಕ್‌ನಷ್ಟು ಒಳ್ಳೇದು ಇನ್ನೊಂದಿಲ್ಲ. ಲ್ಯಾಬ್ ಬೇರೆ. ಎಳೆದು ಬಿಟ್ಟು ಆಡಿದವರು ಬಾರ್ ಮೇಲೆ ಕೆಳಗೆ ಹೋಗೋದು ನೋಡ್ತಾರೆ, ಯಾಕೆ ಹೋಯ್ತು ಅಂತ ಕೇಳಿದರೆ ಉತ್ತರ ಇರಲ್ಲ. ಓದ್ತಿರೋದು ಕಂಪ್ಯೂಟರ್ ಸೈನ್ಸ್ ತಾನೇ, ಕೋಡ್ ಬರೆದರೇ ಅರ್ಥ ಆಗೋದು.

ನಾಲ್ಕನೇ_ಸಾಲು
ಬಿಟ್ ಕ್ರಮದ ಬಗ್ಗೆ ಯಾರೂ ಹೇಳ್ತಿಲ್ಲ, ಅದೇ ದೊಡ್ಡ ತಲೆನೋವು. ಬಹುತೇಕ ಪಠ್ಯಪುಸ್ತಕಗಳಲ್ಲಿ ಮೊದಲ ಕ್ಯೂಬಿಟ್ ಎಡಗಡೆ. ಕಿಸ್ಕಿಟ್‌ನಲ್ಲಿ 0ನೇ ಕ್ಯೂಬಿಟ್ ಬಲತುದಿ. 3 ಕ್ಯೂಬಿಟ್‌ನಲ್ಲಿ 0ನೆಯದಕ್ಕೆ ನಾಟ್ ಹಾಕಿ ಅಳೆದರೆ ಪುಸ್ತಕ 100 ಅನ್ನುತ್ತೆ, ಕಿಸ್ಕಿಟ್ 001 ಅನ್ನುತ್ತೆ. ಸಿನಾಟ್ ಮ್ಯಾಟ್ರಿಕ್ಸ್ ಕೂಡ ಬೇರೆ ಕಾಣುತ್ತೆ: ಪುಸ್ತಕದಲ್ಲಿ ಕೊನೇ ಎರಡು ಸಾಲು ಅದಲುಬದಲು, ಕಿಸ್ಕಿಟ್‌ನಲ್ಲಿ 0 ನಿಯಂತ್ರಕ, 1 ಗುರಿ ಅಂತಿಟ್ಟರೆ ಎರಡನೇ ಮತ್ತು ನಾಲ್ಕನೇ ಸಾಲು. ಎರಡೂ ಸರಿಯೇ, ಸಂಕೇತ ಮಾತ್ರ ಬೇರೆ. ಪಾಠಕ್ಕೂ ಲ್ಯಾಬ್‌ಗೂ ಒಂದೇ ಕ್ರಮ ಅಂತ ಮೊದಲ ದಿನವೇ ತೀರ್ಮಾನಿಸಿ ಬರೆದು ಅಂಟಿಸಿ. ಗೂಗಲ್‌ನ ಸರ್ಕ್ ಲೈಬ್ರರಿಯಲ್ಲಿ ಪುಸ್ತಕದ ಕ್ರಮವೇ ಇದೆ, ಆ ಒಂದು ಕಾರಣಕ್ಕೇ ಅದನ್ನು ಆರಿಸೋರಿದ್ದಾರೆ.

ಲ್ಯಾಬ್_ಬೆಂಚು
ಕಿಸ್ಕಿಟ್‌ಗೇ ಹೋಗೋದಾದರೆ ಆವೃತ್ತಿ ಸಂಖ್ಯೆ ಕಟ್ಟಿಹಾಕಿ. 2024ರ ಫೆಬ್ರವರಿಯಲ್ಲಿ 1.0 ಬಂದಾಗ ಸರ್ಕ್ಯೂಟ್ ಓಡಿಸೋ ಎಕ್ಸಿಕ್ಯೂಟ್ ಫಂಕ್ಷನ್ ತೆಗೆದುಹಾಕಿದರು. ಕಿಸ್ಕಿಟ್‌ನ ಏರ್ ಸಿಮ್ಯುಲೇಟರನ್ನು ಬೇರೆ ಪ್ಯಾಕೇಜ್ ಆಗಿಯೇ ಹಾಕಿಕೊಂಡು, ಬೇರೆ ಹೆಸರಲ್ಲೇ ಇಂಪೋರ್ಟ್ ಮಾಡಬೇಕು. ಹುಡುಕಿದರೆ ಸಿಗೋ ನೋಟ್‌ಬುಕ್‌ಗಳಲ್ಲಿ ಹಳೇವು ಬೇಕಾದಷ್ಟು, ಅವು ಮೊದಲ ಸಾಲಲ್ಲೇ ಮುಗ್ಗರಿಸುತ್ತವೆ. ಹಳೇ 0.x ಇರೋ ಎನ್ವಿರಾನ್‌ಮೆಂಟ್ ಮೇಲೇ ಹೊಸದನ್ನು ಹಾಕಿದರೆ ಕೆಡುತ್ತೆ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಲೇಬೇಕು. ಸೆಮಿಸ್ಟರ್ ಶುರುವಾಗೋ ಮುಂಚೆ ಒಂದು ರಿಕ್ವೈರ್‌ಮೆಂಟ್ಸ್ ಫೈಲ್ ಹಂಚಿ, ಕೊನೇವರೆಗೂ ಅದನ್ನು ಮುಟ್ಟಬೇಡಿ.

ಲೆಕ್ಕದ_ಪುಸ್ತಕ
ಉಪಕರಣದ ಗಲಾಟೆಯಲ್ಲಿ ಮುಖ್ಯವಾದದ್ದು ಮರೆಯಬೇಡಿ. "ಕ್ವಾಂಟಮ್ ಕಂಪ್ಯೂಟರ್ ಎಲ್ಲಾ ಉತ್ತರಗಳನ್ನೂ ಒಂದೇ ಸಲ ಪ್ರಯತ್ನಿಸುತ್ತೆ" ಅನ್ನೋ ಮಾತು ಪಾಠಕ್ಕೆ ಬರೋ ಮುಂಚೆಯೇ ತಲೆಯಲ್ಲಿ ಕೂತಿರುತ್ತೆ. ಅದನ್ನು ಎಬ್ಬಿಸದೆ ಏನು ಕಲಿಸಿದರೂ ಮೇಲುಮೇಲಕ್ಕೆ ನಿಲ್ಲುತ್ತೆ.

ಎಬ್ಬಿಸೋಕೆ ಒಂದು ಲೆಕ್ಕ ಸಾಕು: 10 ಕ್ಯೂಬಿಟ್‌ಗೆ ಹ್ಯಾಡಮಾರ್ಡ್ ಹಾಕಿ, ಫಂಕ್ಷನ್ ಓಡಿಸಿ, ತಕ್ಷಣ ಅಳೆಯಿರಿ. 1024ರಲ್ಲಿ ಯಾವುದೋ ಒಂದು ಇನ್‌ಪುಟ್, ಅದರ ಒಂದು ಉತ್ತರ ಸಿಗುತ್ತೆ. ರ‍್ಯಾಂಡಮ್ ಸಂಖ್ಯೆ ಆರಿಸಿ ಫಂಕ್ಷನ್ ಕರೆದಿದ್ದರೂ ಅಷ್ಟೇ ಸಿಗುತ್ತಿತ್ತು. ಲಾಭ ಎಲ್ಲಿದೆ ಅಂದ್ರೆ, ಅಳೆಯೋ ಮುಂಚೆ ತಪ್ಪು ಉತ್ತರಗಳ ಆಂಪ್ಲಿಟ್ಯೂಡ್‌ಗಳು (ವರ್ಗ ಮಾಡಿದರೆ ಸಂಭವನೀಯತೆ ಕೊಡೋ ಸಂಖ್ಯೆಗಳು) ಒಂದನ್ನೊಂದು ಹೊಡೆದುಹಾಕೋ ಹಾಗೆ ಜೋಡಿಸೋದರಲ್ಲಿ. ಹಾಗೆ ಜೋಡಿಸೋಕೆ ಸಮಸ್ಯೆಯಲ್ಲೇ ಒಂದು ರಚನೆ ಇರಬೇಕು. ಅದಿಲ್ಲದ ಬರೀ ಹುಡುಕಾಟಕ್ಕೆ ಗ್ರೋವರ್ ಹುಡುಕಾಟ ಅಲ್ಗಾರಿದಮ್ ಕೊಡೋ ವರ್ಗಮೂಲದ ಲಾಭವೇ ಮಿತಿ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಅನ್ನೋದಕ್ಕೆ ಸಾಧನೆಯೇ ಇದೆ. ಎನ್‌ಪಿ-ಕಂಪ್ಲೀಟ್ ಸಮಸ್ಯೆಗಳೆಲ್ಲ ಕರಗಿಹೋಗುತ್ತವೆ ಅಂತ ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದರೆ ಪಾಠ ತಲುಪಿಲ್ಲ ಅಂತಲೇ ಅರ್ಥ.

ಗೂಢಲಿಪಿ
+1. ಇದೇ ದೃಷ್ಟಿಯಲ್ಲಿ ಡಾಯ್ಚ್–ಜೋಸಾ ಬಗ್ಗೆಯೂ ನಿಜ ಹೇಳಬೇಕು. ಫಂಕ್ಷನ್ ಸ್ಥಿರವೋ (ಎಲ್ಲಾ ಇನ್‌ಪುಟ್‌ಗೂ ಒಂದೇ ಉತ್ತರ), ಸಮತೋಲಿತವೋ (ಅರ್ಧಕ್ಕೆ 0, ಅರ್ಧಕ್ಕೆ 1) ಅನ್ನೋದಕ್ಕೆ 1992ರ ಆ ಅಲ್ಗಾರಿದಮ್ ಒಂದೇ ಕರೆಯಲ್ಲಿ ಉತ್ತರ ಕೊಡುತ್ತೆ, ಖಚಿತ ಉತ್ತರ ಬೇಕಾದ ಕ್ಲಾಸಿಕಲ್ ಪ್ರೋಗ್ರಾಮ್‌ಗೆ ಅತಿ ಕೆಟ್ಟ ಸಂದರ್ಭದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಇನ್‌ಪುಟ್ ನೋಡಬೇಕು. ಕೇಳೋಕೆ ಭಾರಿ. ಆದರೆ ರ‍್ಯಾಂಡಮ್ ಆಗಿ 10 ಇನ್‌ಪುಟ್ ಆರಿಸಿ, ಎಲ್ಲವೂ ಒಂದೇ ಉತ್ತರ ಕೊಟ್ಟರೆ ಸ್ಥಿರ ಅಂತ ಹೇಳಿಬಿಟ್ಟರೆ, ತಪ್ಪಾಗೋ ಸಾಧ್ಯತೆ ಹೆಚ್ಚೆಂದರೆ 512ರಲ್ಲಿ 1. ಅಲ್ಗಾರಿದಮ್ ಓದಿದವರು ಈ ಪ್ರಶ್ನೆ ಕೇಳೇ ಕೇಳ್ತಾರೆ.

ಅದಕ್ಕೇ ಡಾಯ್ಚ್–ಜೋಸಾಗೆ ಒಂದು ಗಂಟೆ ಸಾಕು, ಫಂಕ್ಷನ್‌ನಲ್ಲಿ ಅಡಗಿದ ಬಿಟ್ ಸಾಲು ಹುಡುಕೋ ಸೈಮನ್ ಅಲ್ಗಾರಿದಮ್‌ಗೆ (1994) ಒಂದು ವಾರ ಕೊಡಿ. ಅಲ್ಲಿ ರ‍್ಯಾಂಡಮ್ ಕ್ಲಾಸಿಕಲ್ ವಿಧಾನಕ್ಕೂ ಘಾತೀಯ ಸಂಖ್ಯೆಯ ಕರೆ ಬೇಕು. ಅಳೆದು ಸಿಕ್ಕಿದ ಸಾಲುಗಳನ್ನೆಲ್ಲ ಕೂಡಿಹಾಕಿ ಮಾಡ್ಯುಲೋ 2ರಲ್ಲಿ ಗೌಸಿಯನ್ ಎಲಿಮಿನೇಶನ್ ಮಾಡೋದು ಒಳ್ಳೇ ಪ್ರೋಗ್ರಾಮಿಂಗ್ ಅಭ್ಯಾಸ. ಶೋರ್‌ಗೆ ದಾರಿಯೂ ಅದೇ.

ಪಾಠದ_ಹಲಗೆ
ಸೈಮನ್ ಕರಡಲ್ಲೇ ಇರಲಿಲ್ಲ, ಸೇರಿಸ್ತೀನಿ. ಗ್ರೋವರ್ ಕಲಿಸುವಾಗ "ಆರಕಲ್‌ಗೆ (ಸರಿ ಉತ್ತರವನ್ನು ಗುರುತು ಮಾಡೋ ಸರ್ಕ್ಯೂಟ್‌ಗೆ) ಉತ್ತರ ಮೊದಲೇ ಗೊತ್ತಲ್ಲ, ಮತ್ತೆ ಹುಡುಕೋದ್ಯಾಕೆ?" ಅನ್ನೋ ಪ್ರಶ್ನೆಗೆ ಏನು ಹೇಳ್ತೀರಿ?

ಲೆಕ್ಕದ_ಪುಸ್ತಕ
ಉದಾಹರಣೆಯಲ್ಲಿ 101ನ್ನು ಗುರುತು ಮಾಡೋ ಆರಕಲ್ ಬರೆದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆರಕಲ್ ಬರೆಯೋರಿಗೇ ಉತ್ತರ ಗೊತ್ತಿರಬಾರದು. 3 ಚರಗಳ ಒಂದು ಸ್ಯಾಟ್ ಸೂತ್ರ (ನಿಜ ಆಗೋ ಹಾಗೆ ಚರಗಳಿಗೆ ಬೆಲೆ ಹುಡುಕಬೇಕಾದ ತರ್ಕ ಸೂತ್ರ) ಕೊಡಿ, ಸೂತ್ರವನ್ನು ಟಾಫೋಲಿ (ಎರಡು ನಿಯಂತ್ರಕಗಳ ಸಿನಾಟ್) ಗೇಟ್‌ಗಳಿಂದ ಸರ್ಕ್ಯೂಟ್ ಮಾಡಲಿ. ಉತ್ತರ ಸರಿಯೇ ಅಂತ ಪರೀಕ್ಷಿಸೋದು ಬೇರೆ, ಉತ್ತರ ಹುಡುಕೋದು ಬೇರೆ. ಈ ವ್ಯತ್ಯಾಸವನ್ನು ಎನ್‌ಪಿ ಪಾಠದಲ್ಲಿ ಆಗಲೇ ನೋಡಿರುತ್ತಾರೆ.

ಇಲ್ಲಿ ಬರೋ ತಪ್ಪುಗಳು ಎರಡು. ಮೊದಲನೆಯದು, ಸೂತ್ರದ ಪ್ರತಿ ಉಪವಾಕ್ಯದ (clause) ಫಲಿತಾಂಶ ಸಹಾಯಕ ಕ್ಯೂಬಿಟ್‌ನಲ್ಲಿ ಬರೆದು, ಗುರುತು ಹಾಕಿದ ಮೇಲೆ ಅದನ್ನು ಒರೆಸಲ್ಲ. ಆ ಕಸ ಮುಖ್ಯ ಕ್ಯೂಬಿಟ್‌ಗಳ ಜೊತೆ ಹೆಣೆದುಕೊಂಡು ಕೂರುತ್ತೆ, ವ್ಯತಿಕರಣ ನಡೆಯೋದೇ ಇಲ್ಲ, ಹಿಸ್ಟೊಗ್ರಾಮ್ ಚಪ್ಪಟೆ. ಗೇಟ್‌ಗಳನ್ನು ಹಿಮ್ಮುಖವಾಗಿ ಮತ್ತೆ ಹಾಕಿ ಸಹಾಯಕ ಕ್ಯೂಬಿಟ್‌ಗಳನ್ನು 0ಗೆ ತರಲೇಬೇಕು. ಎರಡನೆಯದು, "ಹೆಚ್ಚು ಸುತ್ತು ಹಾಕಿದರೆ ಉತ್ತರ ಗಟ್ಟಿ" ಅಂದುಕೊಳ್ಳೋದು. 8ರಲ್ಲಿ 1 ಉತ್ತರ ಇದ್ದಾಗ 1 ಸುತ್ತಿಗೆ 78%, 2 ಸುತ್ತಿಗೆ 94.5%, 3ಕ್ಕೆ 33%. ಆಂಪ್ಲಿಟ್ಯೂಡ್ ತಿರುಗ್ತಾ ಇರುತ್ತೆ, ಗುರಿ ದಾಟಿ ಮುಂದೆ ಹೋಗುತ್ತೆ. 1ರಿಂದ 10 ಸುತ್ತಿನವರೆಗೆ ಗ್ರಾಫ್ ಹಾಕಿಸಿ, ಸೈನ್ ಅಲೆ ಕಂಡ ಮೇಲೆ ಈ ತಪ್ಪು ಮತ್ತೆ ಆಗಲ್ಲ. 4ರಲ್ಲಿ 1 ಆದರೆ ಒಂದೇ ಸುತ್ತಿಗೆ ಸರಿಯಾಗಿ 100%. ಮೊದಲ ಕೈಲೆಕ್ಕ ಅದೇ ಆಗಲಿ.

ನೀಲಿಶಾಯಿ
ಹ್ಯಾಡಮಾರ್ಡ್ ಹಾಕಿ ಅಳೆಯೋ ಸರ್ಕ್ಯೂಟನ್ನು 1024 ಶಾಟ್ (ಸಲ) ಓಡಿಸಿದರೆ 530–494 ಬರುತ್ತೆ, 512–512 ಬರಲ್ಲ, ಸಿಮ್ಯುಲೇಟರ್ ತಪ್ಪಾ ಅಂತಾನೂ ಕೇಳ್ತಾರೆ.

ಶೂನ್ಯಏಕ
ತಪ್ಪಲ್ಲ. ಅರ್ಧ ಸಂಭವನೀಯತೆಗೆ 1024 ಶಾಟ್‌ನಲ್ಲಿ ಮಾನಕ ವಿಚಲನೆ 16. 480ರಿಂದ 544ರ ಒಳಗೆ ಇದ್ದರೆ ಮಾಮೂಲು. ದೋಷ ಅರ್ಧ ಮಾಡಬೇಕಂದ್ರೆ ಶಾಟ್ ನಾಲ್ಕು ಪಟ್ಟು. ಇದನ್ನು ಲ್ಯಾಬ್ ಕೈಪಿಡಿಯ ಮೊದಲ ಪುಟದಲ್ಲೇ ಹಾಕಿ.

ಭೌತಿ
ಬ್ಲಾಖ್ (Bloch) ಗೋಳದ (ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ಗೋಳದೊಳಗಿನ ಬಾಣವಾಗಿ ತೋರಿಸೋ ಚಿತ್ರದ) ಬಗ್ಗೆ ಒಂದು ಎಚ್ಚರಿಕೆ. ಚಿತ್ರ ಚೆಂದ ಅಂತ ಅದಕ್ಕೇ ಅಂಟಿಕೊಂಡರೆ ಎರಡು ಕಡೆ ಎಡವುತ್ತಾರೆ. |0⟩ ಮತ್ತು |1⟩ ವೆಕ್ಟರ್‌ಗಳ ನಡುವೆ ಲಂಬಕೋನ, ಗೋಳದ ಮೇಲೆ ಮಾತ್ರ ಅವು ಎದುರುಬದುರು ಧ್ರುವಗಳು, 180 ಡಿಗ್ರಿ. ತಿರುಗಿಸೋ ಗೇಟ್‌ಗಳಲ್ಲಿ ಅರ್ಧ ಕೋನ ಯಾಕೆ ಬರುತ್ತೆ ಅನ್ನೋದಕ್ಕೆ ಉತ್ತರ ಇದೇ, ಬಿಡಿಸಿ ಹೇಳಬೇಕು. ಇನ್ನೊಂದು, ಎರಡು ಕ್ಯೂಬಿಟ್‌ಗೆ ಎರಡು ಗೋಳ ಬರೆದರೆ ಆಗಲ್ಲ. ಬೆಲ್ ಸ್ಥಿತಿಯ (ಎರಡು ಕ್ಯೂಬಿಟ್ ಪೂರ್ತಿ ಹೆಣೆದುಕೊಂಡ ಜೋಡಿಯ) ಒಂದೊಂದು ಕ್ಯೂಬಿಟ್‌ಗೂ ಬಾಣ ಗೋಳದ ನಡುಮಧ್ಯದಲ್ಲಿ, ಸೊನ್ನೆ ಉದ್ದ. ಮಾಹಿತಿ ಎಲ್ಲಾ ಜೋಡಿಯಲ್ಲಿದೆ, ಬಿಡಿಬಿಡಿಯಾಗಿ ಏನೂ ಇಲ್ಲ.

ಸಾಲುಕಂಬ
ಹಾಗಾದರೆ ಎಂಟ್ಯಾಂಗಲ್‌ಮೆಂಟ್‌ಗೆ (ಕ್ಯೂಬಿಟ್‌ಗಳು ಹೀಗೆ ಹೆಣೆದುಕೊಳ್ಳೋದಕ್ಕೆ) ಆಟದಿಂದ ಶುರು ಮಾಡಿ. ಸಿಎಚ್‌ಎಸ್‌ಎಚ್ ಆಟ: ಇಬ್ಬರು ಆಟಗಾರರು, ಪ್ರತಿಯೊಬ್ಬರಿಗೂ ಒಂದೊಂದು ಬಿಟ್ ಪ್ರಶ್ನೆ, ಮಾತಾಡೋ ಹಾಗಿಲ್ಲ, ಒಂದೊಂದು ಬಿಟ್ ಉತ್ತರ. ಎರಡೂ ಪ್ರಶ್ನೆ 1 ಆದಾಗ ಮಾತ್ರ ಉತ್ತರ ಬೇರೆಬೇರೆ ಇರಬೇಕು, ಮಿಕ್ಕಾಗ ಒಂದೇ. ಕ್ಲಾಸಿಕಲ್ ತಂತ್ರಗಳು ಒಟ್ಟು 16, ಎರಡು ಲೂಪ್ ಹಾಕಿ ಎಲ್ಲಾ ಪರೀಕ್ಷಿಸಿದರೆ ಯಾವುದೂ 75% ದಾಟಲ್ಲ. ಬೆಲ್ ಜೋಡಿ ಹಂಚಿಕೊಂಡು ಸರಿಯಾದ ಕೋನದಲ್ಲಿ ಅಳೆದರೆ 85.4%. ಒಂದೇ ಲ್ಯಾಬ್‌ನಲ್ಲಿ ಎರಡೂ ಆಗುತ್ತೆ. ಬೆಲ್ ಅಸಮತೆಯ (ಈ 75%ರಂಥ ಕ್ಲಾಸಿಕಲ್ ಮಿತಿಯ) ಪ್ರಯೋಗಗಳಿಗೇ 2022ರ ಭೌತಶಾಸ್ತ್ರ ನೊಬೆಲ್ (ಆಸ್ಪೆ, ಕ್ಲೌಸರ್, ಝೈಲಿಂಗರ್) ಬಂದಿದ್ದು. ಒಬ್ಬರ ಅಂಕಿಅಂಶ ಮಾತ್ರ ತೆಗೆದು ನೋಡಿದರೆ ಇನ್ನೊಬ್ಬರು ಏನು ಮಾಡಿದರೂ ಅರ್ಧ ಅರ್ಧವೇ, ಅದಕ್ಕೇ ಸಂದೇಶ ಕಳಿಸೋಕೆ ಆಗಲ್ಲ. ಇದನ್ನೂ ಅದೇ ಡೇಟಾದಿಂದ ತೋರಿಸಿ.

ನಾಲ್ಕನೇ_ಸಾಲು
ವಿಷಯಾಂತರ, ಕ್ಷಮಿಸಿ. ಎಂಟ್ಯಾಂಗಲ್‌ಮೆಂಟ್‌ಗೆ ಕನ್ನಡದಲ್ಲಿ ಏನನ್ನಬೇಕು? "ತೊಡಕು" ಅಂದ್ರೆ ಸಮಸ್ಯೆ ಅನ್ನಿಸುತ್ತೆ.

ಗೂಢಲಿಪಿ
ಹೆಣಿಕೆ. ಮೇಲೆ "ಹೆಣೆದುಕೊಂಡು ಕೂರುತ್ತೆ" ಅಂತ ಸಹಜವಾಗೇ ಬಂದಿದೆಯಲ್ಲ.

ಲೆಕ್ಕದ_ಪುಸ್ತಕ
ಹೆಣಿಕೆ ಒಪ್ಪಿಗೆ. ಸೂಪರ್‌ಪೊಸಿಷನ್‌ಗೆ (0 ಮತ್ತು 1 ಕೂಡಿದ ಸ್ಥಿತಿಗೆ) "ಅಧ್ಯಾರೋಪ" ಮಾತ್ರ ಬೇಡ. ವೇದಾಂತದಲ್ಲಿ ಅದು ಇಲ್ಲದ್ದನ್ನು ಇರೋದರ ಮೇಲೆ ಹೊರಿಸೋದು, ಹಗ್ಗದ ಮೇಲೆ ಹಾವು. ಇಲ್ಲಿ ಎರಡೂ ಘಟಕ ನಿಜವಾಗಿಯೇ ಇವೆ. ಸೂಪರ್‌ಪೊಸಿಷನ್ ಅಂತಲೇ ಇರಲಿ, ಬೇಕಾದರೆ "ಕೂಡುಸ್ಥಿತಿ". "ಅಳತೆ" ಕೂಡ ಸ್ವಲ್ಪ ದಾರಿ ತಪ್ಪಿಸುತ್ತೆ. ಬಟ್ಟೆ ಅಳೆದರೆ ಬಟ್ಟೆ ಬದಲಾಗಲ್ಲ, ಉದ್ದ ಮೊದಲೇ ಇತ್ತು. ಇಲ್ಲಿ ಹಾಗಲ್ಲ ಅಂತ ಒಂದು ಸಾಲು ಸೇರಿಸಲೇಬೇಕು.

ಪಾಠದ_ಹಲಗೆ
ಕೈಪಿಡಿಗೆ ಹೆಣಿಕೆ ಅಂತಲೇ ಹಾಕೋಣ. ಶೋರ್ ಬಗ್ಗೆ ಯಾರಾದರೂ ಹೇಳಿ.

ಗೂಢಲಿಪಿ
ಮುಟ್ಟಬಹುದು, ಮುಟ್ಟಬೇಕು. ಕ್ರಮ ಮಾತ್ರ ತಿರುಗಿಸಿ. ಮೊದಲು ಕ್ವಾಂಟಮ್ ಇಲ್ಲದ ಭಾಗ: ಅಪವರ್ತನವನ್ನು ಆವರ್ತ ಹುಡುಕೋ ಸಮಸ್ಯೆಗೆ ಇಳಿಸೋದು. 15ಕ್ಕೆ 7 ಆರಿಸಿದರೆ ಘಾತಗಳು 7, 4, 13, 1, ಆವರ್ತ 4. 7ರ ವರ್ಗ 49. 48 ಮತ್ತು 15ರ ಮಸಾಅ 3, 50 ಮತ್ತು 15ರ ಮಸಾಅ 5. ಮುಗೀತು. 14 ಆರಿಸಿದರೆ ಆವರ್ತ 2, ಆದರೆ 14 ಅಂದ್ರೆ ಮಾಡ್ಯುಲೋ 15ರಲ್ಲಿ −1, ಉಪಯೋಗಕ್ಕೆ ಬಾರದ ಉತ್ತರ, ಬೇರೆ ಸಂಖ್ಯೆ ಆರಿಸಬೇಕು. ಇಷ್ಟನ್ನೂ ಮಾಮೂಲು ಪೈಥಾನ್‌ನಲ್ಲಿ ಬರೆಸಿ, ಆವರ್ತ ಹುಡುಕೋ ಫಂಕ್ಷನ್ ಮಾತ್ರ ನಿಧಾನ ಅಂತ ತೋರಿಸಿ. ಆಮೇಲೆ ಆ ಒಂದು ಫಂಕ್ಷನ್ ಜಾಗಕ್ಕೆ ಕ್ವಾಂಟಮ್ ಸರ್ಕ್ಯೂಟ್.

ಹೆಚ್ಚಿನವರು 15ಕ್ಕೇ ನಿಲ್ಲಿಸೋದು ತಪ್ಪು. 15ರಲ್ಲಿ ಬರೋ ಆವರ್ತಗಳೆಲ್ಲ 2 ಅಥವಾ 4, ಎರಡರ ಘಾತಗಳು. ಎಣಿಕೆಗೆ 8 ಕ್ಯೂಬಿಟ್ ಇಟ್ಟರೆ 0, 64, 128, 192 ಅಂತ ಚೊಕ್ಕ ನಾಲ್ಕು ಕಂಬ. ನಿರಂತರ ಭಿನ್ನರಾಶಿ ಯಾಕೆ ಬೇಕು ಅಂತಲೇ ಗೊತ್ತಾಗಲ್ಲ. 21 ತಗೊಳ್ಳಿ, 2 ಆರಿಸಿ, ಆವರ್ತ 6. 21ರ ವರ್ಗ 441, ಹಾಗಾಗಿ 9 ಕ್ಯೂಬಿಟ್, 512. 512ನ್ನು 6ರಿಂದ ಭಾಗಿಸಿದರೆ 85.33, ಪೂರ್ಣಾಂಕವಲ್ಲ. ಕಂಬ 85ರಲ್ಲಿ ಎದ್ದು ಅಕ್ಕಪಕ್ಕಕ್ಕೂ ಚೆಲ್ಲಿಕೊಂಡಿರುತ್ತೆ. 85/512ರ ನಿರಂತರ ಭಿನ್ನರಾಶಿ ಬಿಡಿಸಿದರೆ 1/6 ಸಿಗುತ್ತೆ, ಆವರ್ತ 6. ಆ ವಿಧಾನದ ಬೆಲೆ ಇಲ್ಲಿ ಗೊತ್ತಾಗುತ್ತೆ.

ನೀಲಿಶಾಯಿ
171 ಬಂದರೆ?

ಗೂಢಲಿಪಿ
171/512 ಬಿಡಿಸಿದರೆ 1/2, ಆಮೇಲೆ 1/3. ಮುಂದಿನದರ ಛೇದ 512, 21ಕ್ಕಿಂತ ದೊಡ್ಡದು, ಬಿಟ್ಟುಬಿಡಿ. ಹಾಗಾಗಿ 3 ಅಂತ ಬರುತ್ತೆ. 2ರ ಘನ 8, 1 ಅಲ್ಲ, ಅಂದ್ರೆ 3 ಆವರ್ತ ಅಲ್ಲ. ನಿಜವಾದ ಭಿನ್ನರಾಶಿ 2/6, ಸಂಕ್ಷೇಪಗೊಂಡು 1/3 ಆಗಿದೆ. 3ರ ಗುಣಕಗಳನ್ನು ಪರೀಕ್ಷಿಸಿ, ಇಲ್ಲಾ ಮತ್ತೆ ಓಡಿಸಿ. ಈ ತಪಾಸಣೆ ಇಲ್ಲದ ಕೋಡ್‌ಗೆ ಅಂಕ ಕಳೀಬೇಕು.

ಸಾಲುಕಂಬ
ಆ ಪಾಠದ ಕೊನೆಗೆ "ಹಾಗಾದರೆ ನಾಳೆಯೇ ಆರ್‌ಎಸ್‌ಎ (ಅಪವರ್ತನ ಕಷ್ಟ ಅನ್ನೋದರ ಮೇಲೆ ನಿಂತ ಗೂಢಲಿಪಿ) ಮುರಿಯುತ್ತಾ" ಅನ್ನೋದಕ್ಕೂ ಸಂಖ್ಯೆ ಕೊಡಿ. 2048 ಬಿಟ್‌ಗೆ 2019ರ ಗಿಡ್ನಿ–ಎಕೆರೊ ಅಂದಾಜು 2 ಕೋಟಿ ಗದ್ದಲದ (ಆಗಾಗ ದೋಷ ಮಾಡೋ) ಕ್ಯೂಬಿಟ್, 8 ಗಂಟೆ. 2025ರಲ್ಲಿ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗೆ ಅನ್ನೋ ಮಟ್ಟಕ್ಕೆ ಇಳಿಸಿದರು. 2024ರ ಕೊನೆಗೆ ಗೂಗಲ್ ತೋರಿಸಿದ ವಿಲೋ ಚಿಪ್‌ನಲ್ಲಿ 105 ಕ್ಯೂಬಿಟ್. ಹೆದರಿಸೋದೂ ಬೇಡ, ತಳ್ಳಿಹಾಕೋದೂ ಬೇಡ. ಇವತ್ತು ಕದ್ದಿಟ್ಟ ಗುಟ್ಟನ್ನು ಮುಂದೆ ಬಿಚ್ಚಬಹುದು ಅನ್ನೋ ಕಾರಣಕ್ಕೇ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಹೊಸ ಗೂಢಲಿಪಿ ಮಾನದಂಡಗಳನ್ನು ಹೊರತಂದಿತು.

ನಾಲ್ಕನೇ_ಸಾಲು
ನಿಜವಾದ ಯಂತ್ರದ ಮೇಲೆ ಓಡಿಸಬೇಕಾ ಬೇಡವಾ?

ಲ್ಯಾಬ್_ಬೆಂಚು
ಒಂದೇ ಒಂದು ಲ್ಯಾಬ್, ಅದೂ ಕೊನೆಗೆ. ಐಬಿಎಂ 2016ರಲ್ಲೇ 5 ಕ್ಯೂಬಿಟ್ ಯಂತ್ರವನ್ನು ಕ್ಲೌಡ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು, ಈಗ ಹಾದಿ ಇನ್ನೂ ಸುಲಭ. ಆದರೆ ಸರತಿ ಸಾಲು ಯಾವಾಗ ಮುಂದೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಲ್ಯಾಬ್ ಅವಧಿಯಲ್ಲೇ ಫಲಿತಾಂಶ ಬರಲಿ ಅಂತ ಯೋಜನೆ ಹಾಕಬೇಡಿ. ಹಿಂದಿನ ವಾರ ಸಲ್ಲಿಸಿ, ಜಾಬ್ ಐಡಿ ಬರೆದಿಟ್ಟುಕೊಂಡು, ಲ್ಯಾಬ್‌ನಲ್ಲಿ ವಿಶ್ಲೇಷಣೆ.

ಓಡಿಸೋ ಮುಂಚೆ ಕೈಲೆಕ್ಕ ಕಡ್ಡಾಯ. 3 ಕ್ಯೂಬಿಟ್ ಗ್ರೋವರ್, 2 ಸುತ್ತು. ಪ್ರತಿ ಸುತ್ತಿಗೆ ಟಾಫೋಲಿ ಜಾತಿಯ ಎರಡು ಗೇಟ್, ಒಂದೊಂದಕ್ಕೆ 6 ಸಿನಾಟ್, ಒಟ್ಟು 24. ಚಿಪ್ಪಿನಲ್ಲಿ ಎಲ್ಲಾ ಕ್ಯೂಬಿಟ್‌ಗೂ ನೇರ ಸಂಪರ್ಕ ಇಲ್ಲದಿದ್ದರೆ ಎರಡು ಕ್ಯೂಬಿಟ್ ಅದಲುಬದಲು ಮಾಡೋ ಸ್ವಾಪ್ ಗೇಟ್ ಬೇಕು, ಒಂದು ಸ್ವಾಪ್ ಅಂದ್ರೆ 3 ಸಿನಾಟ್. 40ಕ್ಕೆ ಹೋಯಿತು ಅನ್ನಿ. ಒಂದೊಂದರ ದೋಷ 1% ಅಂತಿಟ್ಟರೆ 0.99ನ್ನು 40 ಸಲ ಗುಣಿಸಿದಾಗ 0.67. ಓದುವಾಗಿನ ದೋಷ ಇದರ ಮೇಲೆ. ಈ ಲೆಕ್ಕ ಇಲ್ಲದೆ ಓಡಿಸಿದವರು ಕೆಟ್ಟ ಹಿಸ್ಟೊಗ್ರಾಮ್ ನೋಡಿ ತಮ್ಮ ಕೋಡ್ ತಪ್ಪು ಅಂದುಕೊಂಡು ಗಂಟೆಗಟ್ಟಲೆ ಹುಡುಕ್ತಾರೆ. ಟ್ರಾನ್ಸ್‌ಪೈಲ್ (ಚಿಪ್ಪಿನ ಗೇಟ್‌ಗಳಿಗೆ ಪರಿವರ್ತನೆ) ಆದ ಮೇಲಿನ ಎರಡು ಕ್ಯೂಬಿಟ್ ಗೇಟ್‌ಗಳ ಎಣಿಕೆಯನ್ನು ವರದಿಯಲ್ಲಿ ಬರೆಯಲೇಬೇಕು ಅನ್ನಿ. ಟ್ರಾನ್ಸ್‌ಪೈಲರ್‌ಗೆ ಸೀಡ್ ಕೊಡಿ, ಇಲ್ಲದಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಎಣಿಕೆ.

ಶೂನ್ಯಏಕ
ಮೌಲ್ಯಮಾಪನದ ಮಾತು ಬರಲಿಲ್ಲ. ನೋಟ್‌ಬುಕ್ ಸಲ್ಲಿಕೆಗೆ ಪೂರ್ತಿ ಅಂಕ ಇಟ್ಟರೆ ನಕಲು. ಗುಪ್ತ ಬಿಟ್ ಸಾಲನ್ನು ಒಂದೇ ಕರೆಯಲ್ಲಿ ಹುಡುಕೋ ಬರ್ನ್‌ಸ್ಟೀನ್–ವಜಿರಾಣಿ ಅಲ್ಗಾರಿದಮ್‌ಗೆ ಪ್ರತಿಯೊಬ್ಬರ ರೋಲ್ ನಂಬರಿನಿಂದ ಬೇರೆಬೇರೆ ಗುಪ್ತ ಬಿಟ್ ಸಾಲು ಮಾಡಿ. ಓಡಿಸೋ ಮುಂಚೆ ಹಿಸ್ಟೊಗ್ರಾಮ್ ಹೇಗಿರುತ್ತೆ ಅಂತ ಕೈಯಲ್ಲಿ ಬರೆದುಕೊಡಲಿ, ಅದಕ್ಕೇ ಅರ್ಧ ಅಂಕ.

ಸ್ವಯಂಚಾಲಿತ ಪರೀಕ್ಷೆಯಲ್ಲಿ ಎರಡು ಸ್ಥಿತಿ ವೆಕ್ಟರ್ ಸಮವೇ ಅಂತ ನೇರ ಹೋಲಿಸಬೇಡಿ. ಒಟ್ಟಾರೆ ಫೇಸ್ (ಇಡೀ ವೆಕ್ಟರಿಗೆ ಗುಣಿಸಿದ, ಪರಿಮಾಣ 1ರ ಸಂಮಿಶ್ರ ಸಂಖ್ಯೆ) ಬೇರೆಯಾದರೂ ಸ್ಥಿತಿ ಒಂದೇ, ಸರಿ ಉತ್ತರಕ್ಕೂ ಸೊನ್ನೆ ಬಿದ್ದುಬಿಡುತ್ತೆ. ಒಳಗುಣಲಬ್ಧದ ಪರಿಮಾಣ 1ಕ್ಕೆ ಹತ್ತಿರವೇ ಅಂತ ನೋಡಿ.

ಬರಹದ ಪರೀಕ್ಷೆಗೆ ಒಳ್ಳೇ ಪ್ರಶ್ನೆ: |+⟩ ಮತ್ತು |−⟩ (|0⟩, |1⟩ಗೆ ಹ್ಯಾಡಮಾರ್ಡ್ ಹಾಕಿದರೆ ಬರೋ ಸ್ಥಿತಿಗಳು) ನೇರವಾಗಿ ಅಳೆದರೆ ಒಂದೇ ಥರ, ಒಂದು ಗೇಟ್ ಸೇರಿಸಿ ಬೇರ್ಪಡಿಸಿ. ಇನ್ನೊಂದು: ಸಿನಾಟ್‌ನ ಎರಡೂ ತಂತಿಗಳ ಮೇಲೆ ಮುಂಚೆಗೂ ಆಮೇಲೆಗೂ ಹ್ಯಾಡಮಾರ್ಡ್ ಹಾಕಿದರೆ ನಿಯಂತ್ರಕ ಯಾವುದು, ಗುರಿ ಯಾವುದು? ಎರಡೂ ಅದಲುಬದಲಾಗುತ್ತವೆ. "ನಿಯಂತ್ರಕ ಎಂದೂ ಬದಲಾಗಲ್ಲ" ಅಂದುಕೊಂಡವರು ಇಲ್ಲಿ ಸಿಕ್ಕಿಬೀಳ್ತಾರೆ, ಫೇಸ್ ಕಿಕ್‌ಬ್ಯಾಕ್ (ಗುರಿಯ ಕಡೆಯಿಂದ ಫೇಸ್ ನಿಯಂತ್ರಕಕ್ಕೆ ವಾಪಸ್ ಬರೋದು) ಅರ್ಥವಾಗಿದೆಯೇ ಅಂತಲೂ ತಿಳಿಯುತ್ತೆ.

ಪಾಠದ_ಹಲಗೆ
ತಿದ್ದಿದ ಕರಡು: 1 ಮತ್ತು 2ನೇ ವಾರ ನಾಣ್ಯದಿಂದ ಹ್ಯಾಡಮಾರ್ಡ್, ಪೋಲರೈಸರ್ 20 ನಿಮಿಷ, ಬೇಕಾದ ಗಣಿತ. 3 ಮತ್ತು 4 ಬಹು ಕ್ಯೂಬಿಟ್, ಹೆಣಿಕೆ, ಸಿಎಚ್‌ಎಸ್‌ಎಚ್. 5 ಹಿಮ್ಮುಖ ಸರ್ಕ್ಯೂಟ್, ಕಸ ಒರೆಸೋದು. 6 ಡಾಯ್ಚ್–ಜೋಸಾ, ಬರ್ನ್‌ಸ್ಟೀನ್–ವಜಿರಾಣಿ. 7 ಸೈಮನ್. 8 ಮತ್ತು 9 ಗ್ರೋವರ್. 10ರಿಂದ 12 ಫೂರಿಯೇ ರೂಪಾಂತರ (ಆವರ್ತ ಹೊರತೆಗೆಯೋ ಹಂತ) ಮತ್ತು ಶೋರ್, 21ರ ಜೊತೆ. 13 ಯಂತ್ರ, ಗದ್ದಲ. 14 ದೋಷ ತಿದ್ದುಪಡಿಯ ಪರಿಚಯ. ನಂಪೈ 4 ಲ್ಯಾಬ್, ಮಿಕ್ಕಿದ್ದು ಕಿಸ್ಕಿಟ್.

ಭೌತಿ
13ರಲ್ಲಿ ಗದ್ದಲ ಅಂತೀರಿ, ಡೆನ್ಸಿಟಿ ಮ್ಯಾಟ್ರಿಕ್ಸ್ (ಹಲವು ಸ್ಥಿತಿಗಳ ಸಂಭವನೀಯತೆಯ ಮಿಶ್ರಣ ಬರೆಯೋ ಮ್ಯಾಟ್ರಿಕ್ಸ್) ಎಲ್ಲೂ ಇಲ್ಲ. ಅದಿಲ್ಲದೆ ಗದ್ದಲ ಬರೆಯೋದು ಹೇಗೆ?

ಸಾಲುಕಂಬ
ಈ ಮಟ್ಟಕ್ಕೆ "ಇಂತಿಷ್ಟು ಸಂಭವನೀಯತೆಯಲ್ಲಿ ಬಿಟ್ ತಿರುವು ಅಥವಾ ಫೇಸ್ ತಿರುವು ಗೇಟ್ ತಾನಾಗಿ ಬೀಳುತ್ತೆ" ಅನ್ನೋ ಮಾದರಿ ಸಾಕು. ಅವರ ನಂಪೈ ಸಿಮ್ಯುಲೇಟರ್‌ಗೆ ಐದು ಸಾಲು ಸೇರಿಸಿದರೆ ಆಯ್ತು. 14ನೇ ವಾರಕ್ಕೆ ಮೂರು ಕ್ಯೂಬಿಟ್ ಕೋಡ್ (ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಮೂರರಲ್ಲಿ ಹರಡಿ ಕಾಪಾಡೋದು) ಅದರ ಮೇಲೇ ಕಟ್ಟಬಹುದು.

ಭೌತಿ
ಮೂರು ಕ್ಯೂಬಿಟ್ ಕೋಡ್ ಬಿಟ್ ತಿರುವನ್ನು ಮಾತ್ರ ಹಿಡಿಯುತ್ತೆ. ಫೇಸ್ ತಿರುವು ಹಾಕಿದ ಕೂಡಲೇ ಸೋಲುತ್ತೆ.

ಸಾಲುಕಂಬ
ಸೋಲಲಿ, ಲ್ಯಾಬ್‌ನಲ್ಲೇ ಸೋಲೋದು ಕಾಣಲಿ. ಎರಡೂ ಕಡೆ ಹ್ಯಾಡಮಾರ್ಡ್ ಹಾಕಿದರೆ ಅದೇ ಕೋಡ್ ಫೇಸ್ ತಿರುವು ಹಿಡಿಯುತ್ತೆ, ಎರಡನ್ನೂ ಒಂದರೊಳಗೊಂದು ಇಟ್ಟರೆ ಶೋರ್ 1995ರಲ್ಲಿ ಕೊಟ್ಟ 9 ಕ್ಯೂಬಿಟ್ ಕೋಡ್. ಅವರ ಸಿಮ್ಯುಲೇಟರ್‌ನಲ್ಲೇ ಓಡುತ್ತೆ. ಸಿಂಡ್ರೋಮ್ (ದೋಷ ಎಲ್ಲಿದೆ ಅಂತ ಹೇಳೋ ಬಿಟ್‌ಗಳು) ಅಳೆಯೋಕೆ 8 ಸಹಾಯಕ ಕ್ಯೂಬಿಟ್ ಸೇರಿಸಿದರೂ 17, ಸ್ಥಿತಿ ವೆಕ್ಟರ್ 2 ಎಂಬಿ.

ಲ್ಯಾಬ್_ಬೆಂಚು
ಎರಡನೇ ಆವೃತ್ತಿ ಬರೆದವರಿಗೆ ಓಡುತ್ತೆ. ಕ್ರಾನೆಕರ್ ಮ್ಯಾಟ್ರಿಕ್ಸ್‌ನಲ್ಲೇ ಉಳಿದವರಿಗೆ 17 ಕ್ಯೂಬಿಟ್ ಅಂದ್ರೆ 256 ಜಿಬಿ. ನಾಲ್ಕನೇ ಲ್ಯಾಬ್ ಮುಗಿಯೋ ಹೊತ್ತಿಗೆ ಎಲ್ಲರದೂ ಬದಲಾಗಿದೆಯಾ ಅಂತ ಒಂದೊಂದೇ ನೋಡಿಕೊಳ್ಳಿ.